ಮಣಿಕಟ್ಟಿನ ಗಂಟು: ಅಂಜಿಕೆಯೂ ಬೇಡ, ಅವಸರವೂ ಬೇಡ

ಮುಂಬಯಿಯ ಲೋಕಲ್ ಗಾಡಿಯಲ್ಲಿ ಹಿಡಿಕೆಗೆ ಕೈಚಾಚಿ ನಿಂತವರಿಗೆ ಒಂದು ದಿನ ಮಣಿಕಟ್ಟಿನ ಮೇಲೆ ಕಡಲೆಕಾಳಿನಷ್ಟು ಗಂಟೊಂದು ಕಾಣಿಸುತ್ತದೆ. ಅಂದಿನಿಂದ ಮನೆಯ ನೆಮ್ಮದಿ ಕೆಡುತ್ತದೆ. ಕ್ಯಾನ್ಸರ್ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಆದರೆ ಎಲ್ಲರ ಮನಸ್ಸಿನಲ್ಲೂ ಅದೇ. ಊರಿನ ಹಿರಿಯರು ಬರೆ ಹಾಕಿಸಬೇಕೆನ್ನುತ್ತಾರೆ. ನೆರೆಯವರು ದಪ್ಪ ಪುಸ್ತಕದಿಂದ ಒಮ್ಮೆ ಬಲವಾಗಿ ಹೊಡೆದರೆ ಸಾಕೆನ್ನುತ್ತಾರೆ.

ಮಣಿಕಟ್ಟಿನಲ್ಲಿ ಏಳುವ ಇಂಥ ಗಂಟುಗಳಲ್ಲಿ ಬಹುಪಾಲು, ವೈದ್ಯರು ಗ್ಯಾಂಗ್ಲಿಯಾನ್ ಎನ್ನುವ ನಿರಪಾಯದ ರಸಗಂಟುಗಳು. ಕೀಲಿನ ಹೊದಿಕೆಯಿಂದಲೋ ಸ್ನಾಯುರಜ್ಜುವಿನ ಕವಚದಿಂದಲೋ ಸಣ್ಣ ಚೀಲವೊಂದು ಹೊರಚಾಚಿ, ಅದರಲ್ಲಿ ಅಂಟಾದ ದ್ರವ ತುಂಬಿಕೊಳ್ಳುತ್ತದೆ. ಇದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆಗಿ ಮಾರ್ಪಡುವುದೂ ಇಲ್ಲ. 20ರಿಂದ 40ರ ಪ್ರಾಯದವರಲ್ಲಿ, ಅದರಲ್ಲೂ ಸ್ತ್ರೀಯರಲ್ಲಿ, ಇದು ಹೆಚ್ಚು.

ಪುಸ್ತಕದ ಹೊಡೆತಕ್ಕೆ ಚೀಲ ಒಡೆದರೂ ಬುಡ ಉಳಿಯುತ್ತದೆ. ಗಂಟು ಮರಳಬಹುದು, ಎಲುಬಿಗೇ ಪೆಟ್ಟಾಗಬಹುದು. ಬರೆಯಿಂದ ದೊರೆಯುವುದು ಸುಟ್ಟಗಾಯ ಮಾತ್ರ. ಸೂಜಿಯಿಂದ ದ್ರವ ತೆಗೆಸಿದರೂ ಅರ್ಧದಷ್ಟು ಅಥವಾ ಇನ್ನೂ ಹೆಚ್ಚು ಮಂದಿಯಲ್ಲಿ ಅದು ಪುನಃ ತುಂಬಿಕೊಳ್ಳುತ್ತದೆ. ಶಸ್ತ್ರಕ್ರಿಯೆಯಲ್ಲಿ ಬುಡಸಹಿತ ತೆಗೆದಾಗ ಮರುಕಳಿಸುವ ಸಂಭವ ಕಡಿಮೆ, ಆದರೆ ಇಲ್ಲವೆನ್ನಲಾಗದು. ಇತ್ತ, ಹೆಚ್ಚುಕಡಮೆ ಅರ್ಧದಷ್ಟು ಗಂಟುಗಳು ಯಾವ ಚಿಕಿತ್ಸೆಯೂ ಇಲ್ಲದೆ ಕಾಲಕ್ರಮದಲ್ಲಿ ತಾವಾಗಿಯೇ ಕರಗುತ್ತವೆ. ಆದ್ದರಿಂದ ನೋವಿಲ್ಲದ, ಕೆಲಸಕ್ಕೆ ಅಡ್ಡಿಯಾಗದ ಗಂಟಿಗೆ ಕಾಯುವುದೇ ಉತ್ತಮ ಚಿಕಿತ್ಸೆ. ನೋವು ಕಾಡಿದರೆ, ಹಿಡಿತ ಸಡಿಲವಾದರೆ ಶಸ್ತ್ರಕ್ರಿಯೆಯ ವಿಚಾರ ಮಾಡಬಹುದು.

ಆದರೆ ಕಾಯುವುದೆಂದರೆ ಉಪೇಕ್ಷಿಸುವುದಲ್ಲ. ಗಂಟು ನಿರಪಾಯವೆಂಬ ತೀರ್ಮಾನ ವೈದ್ಯರದಾಗಿರಬೇಕು, ನೆರೆಯವರದಲ್ಲ. ಕೈಯಿಂದ ಮುಟ್ಟಿ, ಟಾರ್ಚಿನ ಬೆಳಕು ಗಂಟನ್ನು ಹಾಯುವುದೇ ಎಂದು ನೋಡಿ, ಬೇಕಿದ್ದರೆ ಅಲ್ಟ್ರಾಸೌಂಡ್ ಮಾಡಿಸಿ ಅವರು ನಿರ್ಣಯಿಸುತ್ತಾರೆ. ಗಂಟು ಬೇಗಬೇಗನೆ ಬೆಳೆದರೆ, ಕಲ್ಲಿನಂತೆ ಗಟ್ಟಿಯಾದರೆ, ಬೆರಳುಗಳು ಜೋಮು ಹಿಡಿದರೆ, ಕೆಂಪೇರಿ ಜ್ವರ ಬಂದರೆ ತಡಮಾಡಲೇಬಾರದು.

ಹೊರನಾಡಿನಲ್ಲಿ ದುಡಿಯುವವರಿಗೆ ಒಂದು ದಿನದ ರಜೆಯೂ ದುಬಾರಿ. ಪರಭಾಷೆಯಲ್ಲಿ ನೋವು ಹೇಳಿಕೊಳ್ಳುವ ಸಂಕೋಚ ಬೇರೆ. ಹಾಗೆಂದು ಒಂದು ಭೇಟಿಯ ಶುಲ್ಕವನ್ನು ಉಳಿಸಲು ಹೋಗಿ, ತಿಂಗಳುಗಟ್ಟಲೆ ಚಿಂತೆಯ ಬಡ್ಡಿ ತೆರುವುದು ಜಾಣತನವೆನಿಸದು.