ಗೂಡಿಗೂ ಒಂದು ಬಾಣಂತನ

ಮುಂಬಯಿಯ ಎರಡು ಕೋಣೆಗಳ ಸಂಸಾರದಲ್ಲಿ ಹಸು ಕಟ್ಟುವ ಮಾತಿಲ್ಲ. ನಾಯಿ ಸಾಕುವುದಾದರೆ ನೆರೆಹೊರೆಯವರ ಮುಖ ನೋಡಬೇಕು. ಹೀಗಾಗಿ ನಮ್ಮವರಲ್ಲಿ ಪ್ರಾಣಿಪಕ್ಷಿಗಳ ಮೇಲೆ ಮಮತೆಯುಳ್ಳವರು ಕಡೆಗೆ ಬಂದು ನಿಲ್ಲುವುದು ಕಿಟಕಿಯ ಬದಿಯ ಒಂದು ಪಂಜರದ ಮುಂದೆ. ಅದರೊಳಗೆ ಒಂದು ಜೊತೆ ಫಿಂಚ್ ಹಕ್ಕಿ. ಗುಬ್ಬಿಗಿಂತ ಚಿಕ್ಕದು, ಹಿಡಿ ನವಣೆಯಲ್ಲಿ ದಿನ ಕಳೆಯುವಂಥದು, ಮಕ್ಕಳಿಗೆ ಅಚ್ಚುಮೆಚ್ಚು. ತಂದ ಕೆಲವು ತಿಂಗಳಿಗೆ ಮೊಟ್ಟೆಯನ್ನೂ ಇಡುತ್ತದೆ. ಅಲ್ಲಿಂದ ಮನೆಯವರ ಚಿಂತೆ ಮೊದಲು. ಸಂಘದ ಕಾರ್ಯಕ್ರಮಗಳಲ್ಲಿ ಭೇಟಿಯಾದ ಮಿತ್ರರು ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: “ಗೂಡು ಹೊಲಸಾಗಿದೆಯಲ್ಲ, ತೊಳೆಯಬಹುದೆ?” ಈ ಸಲದ ಅಂಕಣವನ್ನು ಆ ಪ್ರಶ್ನೆಗೇ ಮೀಸಲಿಟ್ಟಿದ್ದೇವೆ.

ಮೊದಲಿಗೆ ಯಾವ ಹಕ್ಕಿ ಎಂಬುದು ಸ್ಪಷ್ಟವಾಗಲಿ. ನಾವು ಹೇಳುತ್ತಿರುವುದು ಆಸ್ಟ್ರೇಲಿಯಾ ಮೂಲದ ಜೀಬ್ರಾ ಫಿಂಚನ್ನು ಕುರಿತು. ಗಂಡಿಗೆ ಕೆನ್ನೆಯ ಮೇಲೆ ಕಂದುಗೆಂಪು ಮಚ್ಚೆ, ಕೆಂಪು ಕೊಕ್ಕು. ಹೆಣ್ಣಿಗೆ ಬೂದು ಮೈ, ಕಿತ್ತಳೆ ಕೊಕ್ಕು. ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿ ಬೆಳೆದು ಬಂದ ಹಕ್ಕಿ ಇದು. ನಮ್ಮೂರಿನ ಹೊಲಗದ್ದೆಗಳಲ್ಲಿ ಹಾರಾಡುವ ರಾಟವಾಳಗಳೂ ಇದರ ದೂರದ ನೆಂಟರೇ. ಆದರೆ ಅವನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಅಂಗಡಿಯವನು ಎಷ್ಟೇ ಅಗ್ಗವಾಗಿ ಕೊಡಲಿ, ಅವು ನಮಗೆ ಬೇಡ.

ಇನ್ನು ಪ್ರಶ್ನೆಗೆ ಬರೋಣ. ಬಾಣಂತಿಯ ಕೋಣೆಯನ್ನು ನಮ್ಮ ಅಜ್ಜಿಯಂದಿರು ಯಾವಾಗ ಶುದ್ಧಮಾಡುತ್ತಿದ್ದರು? ಹೆರಿಗೆಗೆ ಮುಂಚೆ ಗೋಡೆಗೆ ಸುಣ್ಣ ಬಳಿದು, ನೆಲ ಸಾರಿಸಿ, ಹಾಸಿಗೆ ಬಿಸಿಲಿಗೆ ಹಾಕಿ ಸಿದ್ಧಮಾಡುತ್ತಿದ್ದರು. ಮಗು ಬಂದಮೇಲೆ ಮಂಚ ಎಳೆದಾಡುತ್ತಿರಲಿಲ್ಲ. ಹಕ್ಕಿಯ ಗೂಡಿಗೂ ಇದೇ ನ್ಯಾಯ. ಗೂಡಿನ ಶುಚಿ ಮೊಟ್ಟೆಗೆ ಮೊದಲು ಮತ್ತು ಮರಿಗಳು ಹೊರಬಿದ್ದ ನಂತರ. ನಡುವಿನ ದಿನಗಳಲ್ಲಿ ಶುಚಿಮಾಡಬೇಕಾದ್ದು ಪಂಜರ, ಗೂಡಲ್ಲ.

ಮೊದಲ ಶುಚಿ ಹೀಗೆ. ಸುಮಾರು 12ರಿಂದ 15 ಸೆಂಟಿಮೀಟರ್ ಅಗಲ, ಎತ್ತರದ, ಮುಂಭಾಗ ಅರೆತೆರೆದ ಮರದ ಪೆಟ್ಟಿಗೆ ಸಾಕು. ಚಿಕ್ಕ ಮಣ್ಣಿನ ಮಡಕೆಯೂ ಆದೀತು. ಕುದಿಯುವ ನೀರು ಹೊಯ್ದು, ಉಜ್ಜಿ, ಎರಡು ದಿನ ಬಿಸಿಲಿಗಿಡಿ. ಹಾಸಲು ಒಣಹುಲ್ಲು, ತೆಂಗಿನ ನಾರು ಸರಿ. ಹತ್ತಿ, ಹೊಲಿಗೆಯ ದಾರ, ನೈಲಾನ್ ಎಳೆ ಬೇಡ. ಮರಿಗಳ ಕಾಲಿಗೆ ಸುತ್ತಿಕೊಂಡು ಬೆರಳನ್ನೇ ಕಳೆಯುತ್ತವೆ. ಮುಂಬಯಿಯ ಮಳೆಗಾಲದಲ್ಲಿ ಹುಲ್ಲು ಕೈಗೆ ಕೊಂಚ ತಂಪೆನಿಸಿದರೂ ಉಪಯೋಗಿಸಬಾರದು. ತೇವದ ಹುಲ್ಲಿಗೆ ಬೂಷ್ಟು ಹಿಡಿದರೆ ಅದರ ಧೂಳು ಹಕ್ಕಿಯ ಶ್ವಾಸಕೋಶಕ್ಕೆ ಹಗೆ. ಮೊಟ್ಟೆ ಕಂಡೊಡನೆ ಉಳಿದ ಹುಲ್ಲನ್ನು ಪಂಜರದಿಂದ ತೆಗೆದುಬಿಡಿ. ಈ ಹಕ್ಕಿಗೆ ಗೂಡು ಕಟ್ಟುವ ಹುಚ್ಚು ಬಹಳ; ಹುಲ್ಲು ಸಿಗುತ್ತಿದ್ದರೆ ಇಟ್ಟ ಮೊಟ್ಟೆಯ ಮೇಲೆಯೇ ಇನ್ನೊಂದು ಮಾಳಿಗೆ ಎಬ್ಬಿಸಿ, ಅಲ್ಲಿ ಹೊಸ ಮೊಟ್ಟೆಯಿಡುತ್ತದೆ. ಕೆಳಗಿನವು ಕಾವಿಲ್ಲದೆ ಹಾಳಾಗುತ್ತವೆ.

ದಿನಕ್ಕೊಂದರಂತೆ ಸಾಮಾನ್ಯವಾಗಿ ನಾಲ್ಕರಿಂದ ಆರು ಮೊಟ್ಟೆ ಇಡುತ್ತದೆ. ಗಂಡುಹೆಣ್ಣು ಎರಡೂ ಸರದಿಯಂತೆ ಕಾವು ಕೊಡುತ್ತವೆ. 12ರಿಂದ 14 ದಿನಕ್ಕೆ ಮರಿ. ಮತ್ತೆ ಸುಮಾರು 20 ದಿನಕ್ಕೆ ಮರಿಗಳು ಗೂಡು ಬಿಡುತ್ತವೆ. ಮರಿಗಳು ದೊಡ್ಡವಾದಂತೆ ಗೂಡಿನ ಅಂಚಿಗೆ ಹಿಕ್ಕೆ ಕಟ್ಟಿಕೊಳ್ಳುತ್ತದೆ. ನೋಡುವವರಿಗೆ ಅಸಹ್ಯ, ನಿಜ. ಆದರೆ ಅದು ಒಣಗಿ ಗಟ್ಟಿಯಾಗಿರುವಷ್ಟು ದಿನ ಮರಿಗಳಿಗೆ ತೊಂದರೆಯಿಲ್ಲ.

ನಮ್ಮ ಮೇಲಿನ ಮಾಳಿಗೆಯ ಗೃಹಿಣಿಯೊಬ್ಬರು ಇದನ್ನು ಸಹಿಸಲಾರದೆ, ಮರಿಗಳಿಗೆ ಒಂಬತ್ತು ದಿನವಾದಾಗ ಅವನ್ನು ಬಟ್ಟಲಿಗಿಟ್ಟು, ಹಳೆಯ ಹುಲ್ಲನ್ನೆಲ್ಲ ಎಸೆದು, ಪೆಟ್ಟಿಗೆ ತೊಳೆದು, ಹೊಸ ಹುಲ್ಲು ತುಂಬಿ, ಬೆಳಕು ಹೆಚ್ಚಲಿ ಎಂದು ಬೇರೆ ಮೂಲೆಗೆ ತೂಗುಹಾಕಿದರು. ಪ್ರೀತಿಯಿಂದಲೇ ಮಾಡಿದ ಕೆಲಸ. ತಾಯಿತಂದೆಗಳು ಹಳೆಯ ಮೂಲೆಯಲ್ಲೇ ಕೂಗುತ್ತ ಕುಳಿತವು. ಮರುದಿನ ಬೆಳಗ್ಗೆ ನಾಲ್ಕರಲ್ಲಿ ಮೂರು ಮರಿ ತಣ್ಣಗಾಗಿದ್ದವು. ಆ ಮನೆಯ ಚಿಕ್ಕ ಹುಡುಗಿ ನಮ್ಮನ್ನು ಕೇಳಿದಳು, “ಮಾಮಾ, ನಾವು ಮುಟ್ಟಿದ ವಾಸನೆಗೆ ಬಿಟ್ಟುಹೋದವೆ?” ಅಲ್ಲ ಮಗು. ಕೈಯ ವಾಸನೆಗೆ ಹಕ್ಕಿ ಮರಿಯನ್ನು ಬಿಡುತ್ತದೆಂಬುದು ಹಳೆಯ ನಂಬಿಕೆ, ಸತ್ಯವಲ್ಲ. ಅದು ಗುರುತಿಸಿದ್ದ ಮನೆ ಇದ್ದಕ್ಕಿದ್ದಂತೆ ಇದ್ದಲ್ಲಿಂದ ಮಾಯವಾಯಿತು, ಅಷ್ಟೆ.

ಆದ್ದರಿಂದ ಈ ದಿನಗಳಲ್ಲಿ ಮಾಡಬೇಕಾದ್ದು ಸ್ವಲ್ಪವೇ, ಆದರೆ ತಪ್ಪದೆ. ಪಂಜರದ ತಳದ ಕಾಗದವನ್ನು ದಿನವೂ ಬದಲಿಸಿ. ನೀರಿನ ಬಟ್ಟಲು ದಿನವೂ ತೊಳೆಯಿರಿ. ಬೇಯಿಸಿದ ಮೊಟ್ಟೆಯ ಪುಡಿ ಮರಿಗಳಿಗೆ ಒಳ್ಳೆಯದೇ. ನಮ್ಮ ಸೆಕೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬೇಡಿ, ಹಳಸುತ್ತದೆ. ದಿನಕ್ಕೊಮ್ಮೆ, ದೊಡ್ಡ ಹಕ್ಕಿಗಳು ಹೊರಗೆ ಕಾಳು ತಿನ್ನುವಾಗ, ಒಂದು ಕ್ಷಣ ಒಳಗೆ ಇಣುಕಿ ನೋಡಿ. ಸತ್ತ ಮರಿಯಿದ್ದರೆ ಚಮಚದಿಂದ ತೆಗೆಯಿರಿ. ಅದು ಕೊಳೆತರೆ ಉಳಿದವಕ್ಕೂ ಅಪಾಯ. ಹೆಣ್ಣಿಗೆ ಸುಣ್ಣದ ಅಂಶ ಬೇಕು: ಸಮುದ್ರನೊರೆಯೆಂದು ಹೇಳುವ ಕಪ್ಪೆಬೊಂಡಾಸದ ಬಿಳಿ ಎಲುಬು, ಇಲ್ಲವೆ ಬೇಯಿಸಿ ಪುಡಿಮಾಡಿದ ಕೋಳಿಮೊಟ್ಟೆಯ ಚಿಪ್ಪು. ಅದಿಲ್ಲದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳಬಹುದು. ಮೊಟ್ಟೆಯಿಡುವ ದಿನಗಳಲ್ಲಿ ಹೆಣ್ಣು ಗರಿ ಉಬ್ಬಿಸಿ ಪಂಜರದ ತಳದಲ್ಲಿ ಕುಳಿತರೆ ಸಂಜೆಯವರೆಗೆ ಕಾಯದೆ, ಬೆಚ್ಚಗಿಟ್ಟು ಪಶುವೈದ್ಯರಲ್ಲಿಗೆ ಒಯ್ಯಿರಿ.

ನಿಯಮಕ್ಕೆ ಒಂದು ಅಪವಾದವುಂಟು: ಕೆಂಪು ನುಸಿ. ಕಣ್ಣಿಗೆ ಚುಕ್ಕೆಯಂತೆ ಕಾಣುವ ಈ ಹುಳು ಹಗಲೆಲ್ಲ ಪೆಟ್ಟಿಗೆಯ ಸಂದಿಯಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುತ್ತದೆ. ಮರಿಗಳು ಬಿಳಿಚಿಕೊಂಡರೆ, ದೊಡ್ಡ ಹಕ್ಕಿಗಳು ರಾತ್ರಿ ಗೂಡಿನಲ್ಲಿ ನಿಲ್ಲದಿದ್ದರೆ ಸಂಶಯಪಡಿ. ಕತ್ತಲಾದ ಎರಡು ಗಂಟೆಯ ಮೇಲೆ ಟಾರ್ಚ್ ಹಿಡಿದು ಪೆಟ್ಟಿಗೆಯ ಮೂಲೆಗಳನ್ನು, ಕೋಲುಗಳ ತುದಿಯನ್ನು ನೋಡಿ. ಬಿಳಿಯ ಕಾಗದದಿಂದ ಒರೆಸಿದರೆ ಕೆಂಪು ಗೀರು ಮೂಡುತ್ತದೆ. ಆಗ ಮಾತ್ರ ಗೂಡು ಬದಲಿಸಬೇಕು. ಅದೇ ಅಳತೆಯ ಇನ್ನೊಂದು ಪೆಟ್ಟಿಗೆಯನ್ನು ಒಣಹುಲ್ಲು ಹಾಸಿ ಸಿದ್ಧವಾಗಿಟ್ಟುಕೊಂಡು, ಹಗಲು ಹೊತ್ತು, ಐದು ನಿಮಿಷದೊಳಗೆ ಮರಿಗಳನ್ನು ಸಾಗಿಸಿ, ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ತೂಗುಹಾಕಿ. ಹಳೆಯದಕ್ಕೆ ಕುದಿಯುವ ನೀರು. ನುಸಿಗುಳಿಗೆ, ತಿಗಣೆಯ ಔಷಧಿ, ಇರುವೆಯ ಸೀಮೆಸುಣ್ಣ ಇವುಗಳನ್ನು ಪಂಜರದ ಹತ್ತಿರ ತರಲೇಬಾರದು. ಇರುವೆಗೆ ನಮ್ಮ ತಾಯಂದಿರ ಉಪಾಯವೇ ಉಪಾಯ: ಪಂಜರದ ಮೇಜಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುವುದು.

ಮನೆಯವರ ಆರೋಗ್ಯದ ಮಾತೂ ಇದೆ. ಒಣಗಿದ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಿದರೆ ಧೂಳು ಎದ್ದು ಉಬ್ಬಸದವರಿಗೆ ಉಪದ್ರವ. ಮೊದಲು ನೀರು ಚಿಮುಕಿಸಿ, ಒದ್ದೆಬಟ್ಟೆಯಿಂದ ತೆಗೆದು, ಸೋಪಿನಿಂದ ಕೈ ತೊಳೆಯಬೇಕು. ಪಂಜರ ಅಡಿಗೆಮನೆಯಲ್ಲಿ ಬೇಡ; ಅದು ನಮಗೂ ಒಳ್ಳೆಯದು, ಹಕ್ಕಿಗೂ ಒಳ್ಳೆಯದು. ಅಂಟದ ಲೇಪದ ಕಾವಲಿ ಬರಿದೇ ಕಾದು ಸೀದರೆ ಅದರ ಹೊಗೆಯೊಂದೇ ಹಕ್ಕಿಯ ಪ್ರಾಣಕ್ಕೆ ಸಾಕು.

ಕೊನೆಯ ಶುಚಿ ಸುಲಭ. ಮರಿಗಳೆಲ್ಲ ಹೊರಬಂದು, ರಾತ್ರಿ ಮಲಗಲೂ ಗೂಡಿಗೆ ಹೋಗದಿರುವಾಗ ಹುಲ್ಲನ್ನೆಲ್ಲ ಚೀಲಕ್ಕೆ ಕಟ್ಟಿ ಎಸೆಯಿರಿ. ಬೆತ್ತದ ಗೂಡಾದರೆ ಅದನ್ನೂ ಎಸೆಯಿರಿ. ಹೆಣಿಗೆಯ ಸಂದಿಗಳನ್ನು ತೊಳೆಯಲಾಗದು. ಪೆಟ್ಟಿಗೆಯನ್ನು ಮೊದಲಿನಂತೆ ತೊಳೆದು ಒಣಗಿಸಿ, ಅಟ್ಟಕ್ಕೇರಿಸಿ. ಹಾಗೆಯೇ ಬಿಟ್ಟರೆ ಹೆಣ್ಣು ಮರಿಗಳಿಗೆ ಗುಟುಕು ಕೊಡುತ್ತಿರುವಾಗಲೇ ಮತ್ತೆ ಮೊಟ್ಟೆಯಿಡುತ್ತದೆ. ಎಡೆಬಿಡದ ಬಾಣಂತನ ಅದರ ಪ್ರಾಣ ತೆಗೆಯುತ್ತದೆ. ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು ಸಲ ಸಾಕು. ಗೂಡು ತೆಗೆದರೂ ಕಾಳಿನ ಬಟ್ಟಲಲ್ಲೇ ಮೊಟ್ಟೆಯಿಡುವ ಜೋಡಿಯನ್ನು ಕೆಲವು ತಿಂಗಳು ಬೇರೆ ಬೇರೆ ಪಂಜರದಲ್ಲಿಡಬೇಕು.

ಕಡೆಗೆ, ಗುಮಾಸ್ತರಾದ ನಮಗೆ ದಿನಾಂಕ ಬರೆದಿಡುವ ಚಟ. ಇಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಮೊದಲ ಮೊಟ್ಟೆ, ಮೊದಲ ಮರಿ, ಗೂಡು ಬಿಟ್ಟ ದಿನ ಇವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ. ಗೂಡು ಇಟ್ಟಲ್ಲಿಂದ ಮರಿಗಳು ಸ್ವಂತವಾಗಿ ಕಾಳು ಒಡೆಯಲು ಕಲಿಯುವವರೆಗೆ ಸುಮಾರು 60 ದಿನ. ರೈಲ್ವೆಯವರೂ 2024ರ ನವೆಂಬರಿನಿಂದ ಮುಂಗಡ ಟಿಕೆಟಿನ ಅವಧಿಯನ್ನು 60 ದಿನಕ್ಕೆ ಇಳಿಸಿದ್ದಾರೆ. ಬೇಸಗೆ ರಜೆಗೆ ಊರಿಗೆ ಹೊರಡುವ ನಮ್ಮಂಥ ಸಂಸಾರಗಳಿಗೆ ಇದರಿಂದ ಒಂದು ಸುಲಭ ಸೂತ್ರ ದೊರೆಯಿತು: ಟಿಕೆಟು ಕಾದಿರಿಸುವ ದಿನ ಪಂಜರದಲ್ಲಿ ಗೂಡು ಇರಬಾರದು. ದೊಡ್ಡ ಹಕ್ಕಿಗಳೆರಡನ್ನು ಹದಿನೈದು ದಿನ ನೋಡಿಕೊಳ್ಳಲು ನೆರೆಯವರು ಒಪ್ಪಿಯಾರು. ಕಣ್ಣು ತೆರೆಯದ ಮರಿಗಳ ಹೊಣೆಯನ್ನು ಯಾರ ಮೇಲೂ ಹಾಕಿ ಹೋಗುವಂತಿಲ್ಲ.