ಮಂಗನಬಾವಿಗೆ ಸರ್ಕಾರಿ ಲಸಿಕೆ ಏಕಿಲ್ಲ?



ಶಾಲೆಗಳಲ್ಲಿ ಮಂಗನಬಾವು ಹಬ್ಬಿದಾಗಲೆಲ್ಲ ಅಧಿಕಾರಿಗಳಿಂದ ಬರುವುದು ಒಂದೇ ಮಾತು: ‘ಗಾಬರಿ ಬೇಡ, ವಾರ ಹತ್ತು ದಿನದಲ್ಲಿ ತಾನಾಗಿ ಇಳಿಯುತ್ತದೆ.’ ಇಳಿಯುತ್ತದೆ, ನಿಜ. ಅಷ್ಟಕ್ಕೇ ಕೈತೊಳೆದುಕೊಳ್ಳುವುದಕ್ಕೆ ನನ್ನ ತಕರಾರು.

ಸರ್ಕಾರಿ ಆಸ್ಪತ್ರೆಯಲ್ಲಿ ಮಗುವಿಗೆ 9 ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ ಎಂಆರ್ ಚುಚ್ಚುಮದ್ದು ಹಾಕುತ್ತಾರೆ. ಅದು ದಡಾರ, ರುಬೆಲ್ಲಾಗಳಿಗಷ್ಟೇ. ಖಾಸಗಿ ವೈದ್ಯರ ಬಳಿ ದುಡ್ಡು ಕೊಟ್ಟರೆ ಎಂಎಂಆರ್ ಸಿಗುತ್ತದೆ. ಅದರಲ್ಲಿ ಮಂಗನಬಾವಿನ ಲಸಿಕೆಯೂ ಸೇರಿದೆ. ಮಗುವಿಗೆ ಹೆಚ್ಚಿನ ಚುಚ್ಚೂ ಇಲ್ಲ. ಹೊರದೇಶದಿಂದ ತರಿಸಬೇಕಾದ ಔಷಧವೂ ಅಲ್ಲ, ಪಕ್ಕದ ಪುಣೆಯಲ್ಲೇ ತಯಾರಾಗುತ್ತದೆ. 2017ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದ ಶಾಲೆಶಾಲೆಗೂ ಬಂದು, 15 ವರ್ಷದೊಳಗಿನ ಮಕ್ಕಳಿಗೆ ಎಂಆರ್ ಹಾಕಿದರು. ಮಂಗನಬಾವನ್ನು ಅಂದೂ ಹೊರಗಿಟ್ಟರು.

ಸಾಯಿಸುವ ರೋಗವಲ್ಲ ಎಂಬುದು ಸಮರ್ಥನೆ. ಎರಡೂ ಕೆನ್ನೆಗೆ ಅರಿಶಿನ ಬಳಿದುಕೊಂಡು, ಕಿವಿಹಾಲೆ ಮೇಲಕ್ಕೆದ್ದು, ಒಂದು ತುತ್ತು ಹುಳಿಯನ್ನಕ್ಕೂ ಕಣ್ಣೀರಿಡುವ ಮಗುವನ್ನು ನೋಡಿದವರಿಗೆ ಅದು ಅಷ್ಟು ಹಗುರವಾಗಿ ಕಾಣದು. ಅಪರೂಪಕ್ಕೆ ಒಂದು ಕಿವಿ ಶಾಶ್ವತವಾಗಿ ಕೆಪ್ಪಾಗುತ್ತದೆ. ಇನ್ನೊಂದು ಕಿವಿ ಕೇಳುತ್ತಿರುವುದರಿಂದ ಎಷ್ಟೋ ದಿನ ಮನೆಯವರಿಗೆ ತಿಳಿಯುವುದೇ ಇಲ್ಲ. ಪ್ರಾಯಕ್ಕೆ ಬಂದ ಮೇಲೆ ತಗುಲಿದರೆ ಗಂಡಸರಲ್ಲಿ ಹಲವರಿಗೆ ವೃಷಣವೂ ಊದುತ್ತದೆ. ಪೂರ್ತಿ ಬಂಜೆತನ ಬರುವುದು ವಿರಳ, ಆದರೆ ಆ ನೋವು ಪಟ್ಟವರನ್ನು ಕೇಳಿ ನೋಡಿ.

ಇಲ್ಲೇ ಇರುವುದು ನಿಜವಾದ ಎಡವಟ್ಟು. ಉಳ್ಳವರ ಮಕ್ಕಳು ಮಾತ್ರ ಲಸಿಕೆ ಹಾಕಿಸಿಕೊಂಡರೆ ಸೋಂಕಿನ ಓಡಾಟ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಆಗ ಲಸಿಕೆ ಸಿಗದವರಿಗೆ ಆರನೆಯ ವಯಸ್ಸಿಗೆ ಬರಬೇಕಾದ ಬಾವು ಹದಿನಾರಕ್ಕೆ ಬರುವ ಅಪಾಯವಿದೆ. ಹಾಕಿದರೆ 80%ಕ್ಕಿಂತ ಹೆಚ್ಚು ಮಕ್ಕಳಿಗೆ ಹಾಕುವಂತಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ. ಎಂಆರ್‌ಗಾಗಿ ಆಶಾ ಕಾರ್ಯಕರ್ತೆಯರು ಮನೆಮನೆ ಸುತ್ತಿ ಮಕ್ಕಳನ್ನು ಕರೆತರುತ್ತಲೇ ಇದ್ದಾರೆ. ಆ ಸೀಸೆ ಬದಲಾದರೆ ಸಾಕು.

‘ತಾನಾಗಿ ಇಳಿಯುತ್ತದೆ’ ಎಂಬ ಮಾತಿನಿಂದ ಇನ್ನೊಂದು ಹಾನಿಯೂ ಇದೆ. ಕೆನ್ನೆ ಊದಿದ್ದೆಲ್ಲ ಮಂಗನಬಾವಲ್ಲ. ಉಣ್ಣಲು ಕೂತಾಗ ದವಡೆಯಡಿ ಊದಿ ಆಮೇಲೆ ಇಳಿದರೆ ಜೊಲ್ಲಿನ ನಾಳದಲ್ಲಿ ಕಲ್ಲಿರಬಹುದು. ದೊಡ್ಡವರಿಗೆ ಕಿವಿಯ ಮುಂದೆ ನೋವಿಲ್ಲದ ಗಂಟು ವಾರಗಟ್ಟಲೆ ನಿಂತರೆ ಸ್ಕ್ಯಾನ್, ಸೂಜಿ ಪರೀಕ್ಷೆ ಆಗಲೇಬೇಕು. ಮುಖ ಸೊಟ್ಟಗಾಗತೊಡಗಿದರಂತೂ ಒಂದು ದಿನವೂ ತಡಮಾಡಬಾರದು. ಲೇಪ ಹಚ್ಚಿಕೊಂಡು ಕಾಯುವ ಗಂಟಲ್ಲ ಅದು. ಇತ್ತ ಮಂಗನಬಾವಿನ ಮಕ್ಕಳಿಗೆ ಆ್ಯಂಟಿಬಯಾಟಿಕ್ ಬರೆದುಕೊಡುವವರೂ ಇದ್ದಾರೆ, ವೈರಸ್ಸಿಗೆ ಅದರಿಂದ ಏನೂ ಆಗದು.

ಲಸಿಕೆ ಬದಲಿಸುವ ತೀರ್ಮಾನ ದೆಹಲಿಯಲ್ಲಿ ಆಗಬೇಕು, ಒಪ್ಪೋಣ. ರಾಜ್ಯ ಸರ್ಕಾರ ಒತ್ತಾಯವನ್ನಾದರೂ ಮಾಡಲಿ. ಅಲ್ಲಿಯತನಕ, ಬಾವು ಕಾಣಿಸಿದ ಮೇಲೆ ಐದು ದಿನ ಮಗುವನ್ನು ಮನೆಯಲ್ಲಿರಿಸಲು ಶಾಲೆಗಳಿಗೆ ಸುತ್ತೋಲೆ ಹೋಗಲಿ, ಹಾಜರಾತಿಗೆ ಕತ್ತರಿ ಹಾಕದೆ.

— ನಿವೃತ್ತ ಶಿಕ್ಷಕ, ಹಾವೇರಿ