ಮಂಗಳೂರಿನ ತಿಮಿಂಗಿಲ

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಗಾದೆ ವಾಚಕರಿಗೆಲ್ಲ ಗೊತ್ತು. ಈ ಮಾತು ತಿಮಿಂಗಿಲಕ್ಕೂ ಸಲ್ಲುತ್ತದೆ. ಚೆನ್ನೈಗೆ ಹೋದವರು ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ತಪ್ಪದೆ ನೋಡಬೇಕು. 1851ರಲ್ಲಿ ಆರಂಭವಾದ ಆ ಸಂಸ್ಥೆಯಲ್ಲಿರುವ ದೊಡ್ಡ ತಿಮಿಂಗಿಲದ ಅಸ್ಥಿಪಂಜರ ನಮ್ಮ ಮಂಗಳೂರಿನದು. 1874ರಲ್ಲಿ ಅದು ಅಲ್ಲಿಯ ಕಡಲ ದಂಡೆಗೆ ಬಂದು ಬಿದ್ದಿತು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸು ಪ್ರಾಂತಕ್ಕೆ ಸೇರಿತ್ತು; ಎಲುಬುಗಳೂ ಮದ್ರಾಸಿಗೇ ಸೇರಿದವು. ಹೊಟ್ಟೆಪಾಡಿಗೆ ಊರು ಬಿಟ್ಟ ನಮಗಿಂತ ಮುಂಚೆಯೇ ವಲಸೆ ಹೋದ ಹಿರಿಯ ಇವನೆಂದರೆ ತಪ್ಪಾಗಲಾರದು!

ಮಕ್ಕಳಿಗೆ ಗಾತ್ರವೊಂದನ್ನೇ ತೋರಿಸಿ ಹೊರಟುಬಿಡಬಾರದು. ಮುಂದಿನ ಈಜುರೆಕ್ಕೆಯನ್ನು ನೋಡಿ: ತೋಳು, ಮಣಿಕಟ್ಟು, ಬೆರಳು, ಎಲ್ಲವೂ ನಮ್ಮ ಕೈಯ ಲೆಕ್ಕದಂತೆಯೇ. ಮೀನಿಗೆ ಇಂಥ ಕೈಯಿಲ್ಲ. ತಿಮಿಂಗಿಲಕ್ಕೆ ಹಿಂಗಾಲಿಲ್ಲ, ಆದರೂ ಸೊಂಟದ ಎರಡು ಚಿಕ್ಕ ಎಲುಬುಗಳು ಬೆನ್ನೆಲುಬಿಗೆ ತಾಗದೆ ಮಾಂಸದೊಳಗೆ ಉಳಿದಿರುತ್ತವೆ. ಅದರ ಪೂರ್ವಿಕರು ನೆಲದ ಮೇಲೆ ನಡೆದಾಡಿದವರೆಂಬುದಕ್ಕೆ ಅದೇ ಸಾಕ್ಷಿ.

ಇನ್ನೊಂದು ಸಾಕ್ಷಿ ಜಮ್ಮು ಕಡೆಯ ಕಾಲಾಕೋಟದ್ದು. ಭೂಗರ್ಭಶಾಸ್ತ್ರಜ್ಞ ಎ. ರಂಗರಾವ್ ಅವರು ಅಲ್ಲಿ ಕಲೆಹಾಕಿದ ಕಲ್ಲುಗಳನ್ನು, ಅವರು ತೀರಿಕೊಂಡ ಮೇಲೆ, ಅವರ ಪತ್ನಿ ಜೋಪಾನವಾಗಿಟ್ಟು ವಿಜ್ಞಾನಿಗಳಿಗೆ ಒಪ್ಪಿಸಿದರು. ಅವುಗಳಲ್ಲಿ ಇಂಡೋಹಯಸ್ ಎಂಬ ಬೆಕ್ಕಿನ ಗಾತ್ರದ ಗೊರಸಿನ ಪ್ರಾಣಿಯ ಎಲುಬುಗಳಿದ್ದವು. ಅದರ ಕಿವಿಯ ಎಲುಬು ತಿಮಿಂಗಿಲದ್ದರಂತೆಯೇ ದಪ್ಪವೆಂದು 2007ರಲ್ಲಿ ಪ್ರಕಟವಾಯಿತು. ಆ ತಾಯಿ ಕಲ್ಲೆಂದು ಎಸೆದಿದ್ದರೆ?

ಅಷ್ಟು ದೂರ ಹೋಗಲಾಗದವರಿಗೆ, ನಮ್ಮ ಅಬಿಡ್ಸಿನ ಹತ್ತಿರವೇ ನೌಬತ್ ಪಹಾಡಿನ ಬಿರ್ಲಾ ವಿಜ್ಞಾನ ಕೇಂದ್ರವಿದೆ. ಅಲ್ಲಿ ನಿಂತಿರುವ ಕೋಟಾಸಾರಸ್ ಕಡಲಿನದಲ್ಲ, ಹದಿನಾರು ಕೋಟಿ ವರ್ಷಗಳಿಗೂ ಹಿಂದಿನ ನೆಲದ ಪ್ರಾಣಿ. ಎಲುಬು ಸಿಕ್ಕ ಯಾಮನಪಲ್ಲಿ ಎಂಬ ಹಳ್ಳಿಯ ಹೆಸರನ್ನು ಅದರ ಶಾಸ್ತ್ರೀಯ ನಾಮದಲ್ಲೇ ಸೇರಿಸಿದ್ದಾರೆ.

ಗುಮಾಸ್ತನಾದ ನನಗೆ ಇದು ಬಹಳ ಹಿಡಿಸಿತು. ನಂಬರು, ತಾರೀಖು ಇಲ್ಲದ ಕಡತ ಬರೀ ಕಾಗದದ ಕಂತೆ. ಎಲುಬಿನ ಗತಿಯೂ ಅದೇ. “ಮಂಗಳೂರು, 1874” ಎಂಬ ಎರಡು ಮಾತು ಅಳಿಸಿಹೋದರೆ ತಿಮಿಂಗಿಲ ಎಲ್ಲಿಯದೋ ಆಗಿಬಿಡುತ್ತದೆ.

ಹೈದರಾಬಾದಿನಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಅಜ್ಜನ ಊರು ಯಾವುದು, ಮನೆತನ ಯಾವ ವರ್ಷ ಇಲ್ಲಿಗೆ ಬಂತು ಎಂದು ಕೇಳಿ ನೋಡಿ. ಉತ್ತರ ಬರದಿದ್ದರೆ ತಪ್ಪು ಅವರದಲ್ಲ. ಮನೆಯಲ್ಲಿ ಹಿರಿಯರು ಇರುವಾಗಲೇ ಕೇಳಿ, ಒಂದು ಹಾಳೆಯಲ್ಲಿ ಊರು, ಇಸವಿ, ಹೆಸರು ಬರೆದಿಡೋಣ.